ಸೋರುವ ಸೂರಿಗೆ ಯಾರು ನೆರೆಯವರು?

ಹಳ್ಳಿಯ ಮನೆ ಒಂದೇ ದಿನದಲ್ಲಿ ಬೀಳುವುದಿಲ್ಲ. ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಯಂಥ ಕಡೆ ಅದು ಬೀಳುವುದಕ್ಕೊಂದು ಕ್ರಮವಿದೆ. ಮೊದಲು ಕೋತಿಗಳು ಸೂರಿನ ಮೇಲೆ ಓಡಾಡಿ ನಾಲ್ಕು ಹೆಂಚು ಒಡೆಯುತ್ತವೆ. ಒಡೆದ ಕಡೆಯಿಂದ ನೀರು ಇಳಿದು ರೀಪು ನೆನೆಯುತ್ತದೆ. ನೆನೆದ ಮರಕ್ಕೆ ಗೆದ್ದಲು ಹತ್ತುತ್ತದೆ. ಆಮೇಲೆ ನೀರು ಮಣ್ಣಿನ ಗೋಡೆಯ ನೆತ್ತಿಗೆ ಇಳಿಯುತ್ತದೆ, ಗೋಡೆ ಉಬ್ಬುತ್ತದೆ, ಬಿರುಕು ಬಿಡುತ್ತದೆ. ಈ ಸೀಮೆಯಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳ ಮಳೆಯೇ ಜೋರು. ಅಂಥದೊಂದು ಮಳೆಯ ರಾತ್ರಿ ಗೋಡೆ ಕುಸಿದಾಗ ಮಾತ್ರ ಅದು ಸುದ್ದಿಯಾಗುತ್ತದೆ, ಗ್ರಾಮ ಆಡಳಿತಾಧಿಕಾರಿಯ ವರದಿಯಾಗುತ್ತದೆ, ಪರಿಹಾರದ ಅರ್ಜಿಯಾಗುತ್ತದೆ. ಅದಕ್ಕೆ ಎರಡು ಮೂರು ವರ್ಷ ಮುಂಚೆ, ಮುಂಗಾರಿಗೆ ಮೊದಲು ಯಾರಾದರೂ ಏಣಿ ಹಾಕಿ ಹತ್ತಿ ಹೆಂಚು ಕೈಯಾಡಿಸಿದ್ದರೆ ಆ ಮನೆ ಉಳಿಯುತ್ತಿತ್ತು. ಆದರೆ ಆ ಮನೆಯಲ್ಲಿದ್ದದ್ದು ಏಣಿ ಹತ್ತಲಾಗದ ವಯಸ್ಸಿನ ಒಬ್ಬ ಹೆಂಗಸೋ, ಕೂಲಿ ಕೊಟ್ಟು ಮೇಸ್ತ್ರಿಯನ್ನು ಕರೆಸಲಾರದ ದಂಪತಿಯೋ ಆಗಿರುತ್ತಾರೆ. ಹಾಗಾದರೆ ಆ ಏಣಿಯನ್ನು ಹತ್ತಬೇಕಾದವರು ಯಾರು? ಈ ಪ್ರಶ್ನೆಗೆ ಸರ್ಕಾರ, ಸಂತೆ, ಸಂಬಂಧಿಕರು ಮೂವರೂ ಪೂರ್ತಿ ಉತ್ತರ ಕೊಡಲಾರರು ಎಂಬುದು ನನ್ನ ವಾದ. ಮನೆ ದುರಸ್ತಿ ಮೂಲತಃ ನೆರೆಹೊರೆಯ ಕೆಲಸ. ಆ ನೆರೆ ತನ್ನ ಕೇರಿಯ ಗಡಿ ದಾಟಿದಾಗ ಮಾತ್ರ ಅದು ಎಲ್ಲರ ಸೂರನ್ನೂ ಕಾಯಬಲ್ಲದು.

ಸರ್ಕಾರ ಏನೂ ಮಾಡುತ್ತಿಲ್ಲ ಎಂದು ಯಾರೂ ಹೇಳುವಂತಿಲ್ಲ. 1985ರ ಇಂದಿರಾ ಆವಾಸ್ ಯೋಜನೆಯಿಂದ ಹಿಡಿದು ರಾಜ್ಯದ ಆಶ್ರಯ, ಬಸವ ವಸತಿ, ಅಂಬೇಡ್ಕರ್ ವಸತಿ ಯೋಜನೆಗಳವರೆಗೆ ಲಕ್ಷಾಂತರ ಕುಟುಂಬಗಳು ಗುಡಿಸಲಿನಿಂದ ಗಟ್ಟಿ ಗೋಡೆಯೊಳಕ್ಕೆ ಬಂದಿವೆ. 2016ರಲ್ಲಿ ಶುರುವಾದ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ ಬಯಲು ಪ್ರದೇಶದ ಒಂದು ಮನೆಗೆ 1.20 ಲಕ್ಷ ರೂಪಾಯಿ ಗೊತ್ತು ಮಾಡಿತು, ಮನೆ ಕನಿಷ್ಠ 25 ಚದರ ಮೀಟರ್ ಇರಬೇಕೆಂದಿತು, ಮನೆಯವರದೇ ದುಡಿಮೆಗೆ ಉದ್ಯೋಗ ಖಾತ್ರಿಯ ಕೂಲಿಯನ್ನೂ ಜೋಡಿಸಿತು. ಆದರೆ ಈ ಯೋಜನೆಗಳು ಎಣಿಸುವುದು ಹೊಸ ಮನೆಯನ್ನು. ತಳಪಾಯ, ಗೋಡೆ, ಚಾವಣಿ ಎಂದು ಹಂತಹಂತದ ಫೋಟೊ ತೆಗೆದು ಕಂತು ಬಿಡುಗಡೆ ಮಾಡುವ ವ್ಯವಸ್ಥೆಗೆ ಮನೆ ಪೂರ್ಣಗೊಂಡ ದಿನವೇ ಕಡತ ಮುಗಿಯುವ ದಿನ. ಆ ಮನೆ ಇಪ್ಪತ್ತು ವರ್ಷ ಹಳೆಯದಾಗಿ ಚಾವಣಿಯ ಕಬ್ಬಿಣ ತುಕ್ಕು ಹಿಡಿದು ಗಾರೆ ಉದುರತೊಡಗಿದರೆ, ಒಮ್ಮೆ ಮನೆ ಪಡೆದ ಕುಟುಂಬ ಮತ್ತೆ ಸರದಿಯಲ್ಲಿ ನಿಲ್ಲುವುದು ಕಷ್ಟ. ಇನ್ನು ನೆರೆಹಾವಳಿಯಲ್ಲಿ ಹಾನಿಯಾದ ಮನೆಗೆ ಪರಿಹಾರ ಉಂಟು. ಅದು ಕುಸಿದ ಮೇಲೆ ಬರುವ ಹಣ, ಕುಸಿಯದಂತೆ ತಡೆಯುವ ಹಣವಲ್ಲ. ಹೀಗಾಗಿ ಇಲ್ಲದವರಿಗೆ ಮನೆ ಕಟ್ಟಿಕೊಡುವುದಕ್ಕೂ ಬಿದ್ದವರಿಗೆ ಪರಿಹಾರ ಕೊಡುವುದಕ್ಕೂ ನಡುವೆ ದೊಡ್ಡದೊಂದು ತೆರಪು ಉಳಿದಿದೆ. ಮನೆ ಇದೆ, ಆದರೆ ದಿನದಿನಕ್ಕೂ ಹಾಳಾಗುತ್ತಿದೆ ಎನ್ನುವವರೆಲ್ಲ ಬದುಕುತ್ತಿರುವುದು ಆ ತೆರಪಿನಲ್ಲಿ.

ಒಂದು ಕಾಲಕ್ಕೆ ಈ ತೆರಪನ್ನು ತುಂಬುತ್ತಿದ್ದದ್ದು ಮುಯ್ಯಿ. ಇವತ್ತು ನಿನ್ನ ಹೊಲಕ್ಕೆ ನಾನು ಬರುತ್ತೇನೆ, ನಾಳೆ ನನ್ನ ಹೊಲಕ್ಕೆ ನೀನು ಬಾ ಎನ್ನುವ ಮುಯ್ಯಾಳಿನ ಪದ್ಧತಿ ಹಳೇ ಮೈಸೂರಿನ ರಾಗಿ ಹೊಲಗಳಲ್ಲಿ ನಾಟಿ, ಕಳೆ, ಕುಯ್ಲಿಗೆ ಹೇಗೆ ಒದಗುತ್ತಿತ್ತೋ ಹಾಗೆಯೇ ಸೂರು ಹೊದಿಸುವುದಕ್ಕೂ ಒದಗುತ್ತಿತ್ತು. ದುಡ್ಡು ಕೈ ಬದಲಾಯಿಸುತ್ತಿರಲಿಲ್ಲ. ಮಾಡಿದ ಕೆಲಸದ ನೆನಪೇ ಲೆಕ್ಕವಾಗಿತ್ತು. ಆ ಪದ್ಧತಿ ಸವೆದದ್ದಕ್ಕೆ ಕಾರಣ ಜನರ ಮನಸ್ಸು ಕೆಟ್ಟದ್ದಲ್ಲ, ಬದುಕಿನ ಲೆಕ್ಕಾಚಾರ ಬದಲಾದದ್ದು. ಬೆಂಗಳೂರು ಹತ್ತಿರವಾಯಿತು, ಬಿಡದಿಯಲ್ಲಿ ಕಾರ್ಖಾನೆಗಳು ಬಂದವು, ಬೆಳಗಿನ ಬಸ್ಸಿಗೆ ಹೊರಟ ಹುಡುಗರು ಕತ್ತಲಾದ ಮೇಲೆ ಮನೆಗೆ ಮರಳುತ್ತಾರೆ ಅಥವಾ ಅಲ್ಲೇ ಬಾಡಿಗೆ ಹಿಡಿದು ನೆಲೆಸುತ್ತಾರೆ. ಆಳಿಗೆ ಆಳು ಕೊಡಲಾರದ ಮನೆ ಮುಯ್ಯಿಯಿಂದ ತಾನಾಗಿಯೇ ಹೊರಗುಳಿಯುತ್ತದೆ. ಆ ಪದ್ಧತಿಯ ಮೂಲ ಕೊರತೆ ಇಲ್ಲಿ ಕಾಣುತ್ತದೆ. ಮುಯ್ಯಿ ಸಮಾನರ ನಡುವಿನ ಒಪ್ಪಂದ. ಹಿಂದಿರುಗಿಸಲು ಶಕ್ತಿಯಿದ್ದವರಿಗೆ ಮಾತ್ರ ಅದು ನಿಲುಕುತ್ತಿತ್ತು. ಅದೂ ಬಹುಮಟ್ಟಿಗೆ ಒಂದೇ ಜಾತಿಯ, ಒಂದೇ ಕೇರಿಯ ಒಳಗೆ ನಡೆಯುತ್ತಿತ್ತು. ಊರೊಳಗಿನವರು ಕಾಲೋನಿಯವರ ಮನೆಯ ಸೂರಿಗೆ ಮುಯ್ಯಾಳಾಗಿ ಹೋದದ್ದು ಎಷ್ಟು ಕಡೆ? ಆದ್ದರಿಂದ ಹಳೆಯದನ್ನೇ ಹಾಗೆಯೇ ಮರಳಿ ತರಬೇಕೆಂಬ ಹಂಬಲ ಸಾಲದು. ಮುಯ್ಯಿಯ ಕೈಗಳು ಬೇಕು, ಮುಯ್ಯಿಯ ಬೇಲಿ ಬೇಡ.

ಬೇಲಿ ದಾಟಿದ ಒಂದು ಉದಾಹರಣೆ ದೂರದ ಅಮೆರಿಕದ ಜಾರ್ಜಿಯಾ ರಾಜ್ಯದ್ದು. ಅದನ್ನು ಇಲ್ಲಿ ವಿವರವಾಗಿ ನೋಡಬೇಕಾದ ಕಾರಣ ಅಲ್ಲಿನ ಬೇಲಿಯೂ ನಮ್ಮದರಷ್ಟೇ ಗಟ್ಟಿಯಾಗಿತ್ತು. ಕ್ಲಾರೆನ್ಸ್ ಜೋರ್ಡನ್ ಕೃಷಿ ಪದವೀಧರ, ಜೊತೆಗೆ ಬೈಬಲಿನ ಗ್ರೀಕ್ ಮೂಲದಲ್ಲಿ ಡಾಕ್ಟರೇಟ್ ಪಡೆದ ಬ್ಯಾಪ್ಟಿಸ್ಟ್ ಪಾದ್ರಿ. ಬರ್ಮಾದಲ್ಲಿ ಮಿಷನರಿಯಾಗಿದ್ದ ಗೆಳೆಯ ಮಾರ್ಟಿನ್ ಇಂಗ್ಲೆಂಡ್ ದಂಪತಿಯ ಜೊತೆ ಸೇರಿ ಜೋರ್ಡನ್ ದಂಪತಿ 1942ರಲ್ಲಿ ಅಮೆರಿಕಸ್ ಎಂಬ ಪಟ್ಟಣದ ಹತ್ತಿರ 440 ಎಕರೆ ಸವಕಲು ಜಮೀನು ಕೊಂಡು 'ಕೊಯ್ನೋನಿಯಾ' ಎಂಬ ತೋಟ ಶುರುಮಾಡಿದರು. ಅವರು ಅಲ್ಲಿ ಮಾಡಿದ ದೊಡ್ಡ ಅಪರಾಧವೆಂದರೆ ಕಪ್ಪು ಜನರೂ ಬಿಳಿಯರೂ ಒಂದೇ ಮೇಜಿನಲ್ಲಿ ಕೂತು ಉಂಡದ್ದು. ಹಾಲಿಲ್ಲದ ಬಡ ನೆರೆಯವರಿಗೆ ಕರೆಯುವ ಹಸುವನ್ನೇ ಎರವಲು ಕೊಟ್ಟರು. ಕೋಳಿ ಸಾಕಣೆಯ ತಿಳಿವಳಿಕೆಯನ್ನು ಸುತ್ತಲಿನ ರೈತರಿಗೆ ಹಂಚಿದರು. ಸ್ಥಳೀಯ ಚರ್ಚು 1950ರಲ್ಲಿ ಅವರನ್ನು ಹೊರಗೆ ಹಾಕಿತು. 1956ರಿಂದ ಬಿತ್ತನೆ ಬೀಜ, ಗೊಬ್ಬರ, ಇಂಧನ ಯಾವುದನ್ನೂ ಅವರಿಗೆ ಮಾರದ ಬಹಿಷ್ಕಾರ ಬಿತ್ತು, ರಸ್ತೆ ಬದಿಯ ಅವರ ಅಂಗಡಿಗೆ ಬಾಂಬ್ ಇಟ್ಟರು, ಮನೆಗಳ ಮೇಲೆ ಗುಂಡು ಹಾರಿಸಿದರು. ಅವರು ಊರು ಬಿಡಲಿಲ್ಲ.

ಈ ಕಷ್ಟದ ನೆರೆತನದಿಂದಲೇ ಮನೆಯ ಕೆಲಸ ಹುಟ್ಟಿತು. ಅಲಬಾಮಾದ ವಕೀಲ ಮಿಲರ್ಡ್ ಫುಲ್ಲರ್ ಮೂವತ್ತು ತುಂಬುವ ಮೊದಲೇ ಕೋಟ್ಯಧಿಪತಿಯಾಗಿ, ಸಂಸಾರ ಮುರಿಯುವ ಹಂತಕ್ಕೆ ಬಂದಾಗ ಪತ್ನಿ ಲಿಂಡಾರೊಂದಿಗೆ ಆಸ್ತಿಯನ್ನೆಲ್ಲ ದಾನ ಮಾಡಿದವರು. 1965ರಲ್ಲಿ ಕೊಯ್ನೋನಿಯಾಕ್ಕೆ ಬಂದ ಅವರಿಗೂ ಜೋರ್ಡನ್‌ಗೂ ಗೆಳೆತನ ಬೆಳೆಯಿತು. ಸುತ್ತಲಿನ ಕಪ್ಪು ಕೂಲಿಕಾರರು ಬಿರುಕುಬಿಟ್ಟ ಹಲಗೆಗಳ ಗುಡಿಸಲುಗಳಲ್ಲಿ ಇರುವುದು ಅವರಿಬ್ಬರ ಕಣ್ಣೆದುರೇ ಇತ್ತು. 1968ರಲ್ಲಿ ತೋಟದ ಅಂಚಿನಲ್ಲಿ ಅರ್ಧರ್ಧ ಎಕರೆಯ 42 ನಿವೇಶನ ಗುರುತಿಸಿ, ಲಾಭವಿಲ್ಲದೆ, ಬಡ್ಡಿಯಿಲ್ಲದೆ ಮನೆ ಕಟ್ಟಿಕೊಡುವ ನಿಧಿಯೊಂದನ್ನು ಶುರುಮಾಡಿದರು. ಮನೆ ಪಡೆಯುವವರು ತಾವೂ ದುಡಿಯಬೇಕು, ಕಂತು ಕಟ್ಟಬೇಕು, ಆ ಕಂತಿನಿಂದ ಮತ್ತೊಬ್ಬರ ಮನೆ ಏಳಬೇಕು. ಬಡವರಿಗೆ ಬೇಕಾದದ್ದು ದಾನವಲ್ಲ, ಬಂಡವಾಳ ಮತ್ತು ಜೊತೆಗೆ ದುಡಿಯುವವರು ಎಂಬುದು ಜೋರ್ಡನ್ ಅವರ ನಿಲುವು. ಮೊದಲ ಮನೆ ಕಟ್ಟುತ್ತಿರುವಾಗಲೇ, 1969ರ ಅಕ್ಟೋಬರ್‌ನಲ್ಲಿ ಜೋರ್ಡನ್ ತೀರಿಕೊಂಡರು. 1976ರಲ್ಲಿ ಫುಲ್ಲರ್ ದಂಪತಿ ಇದೇ ನೆಲದಿಂದ 'ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ' ಕಟ್ಟಿದರು. 1983ರಲ್ಲಿ ಅದು ಭಾರತಕ್ಕೂ ಬಂತು. ಅಮೆರಿಕಸ್‌ನ ಪಕ್ಕದೂರಿನವರೇ ಆದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1984ರಲ್ಲಿ ಈ ಸಂಸ್ಥೆಯ ಸ್ವಯಂಸೇವಕರಾಗಿ ನ್ಯೂಯಾರ್ಕಿನ ಪಾಳುಬಿದ್ದ ಆರು ಅಂತಸ್ತಿನ ಕಟ್ಟಡದಲ್ಲಿ ಸುತ್ತಿಗೆ ಹಿಡಿದರು. 2006ರಲ್ಲಿ ಮಹಾರಾಷ್ಟ್ರದ ಲೋನಾವಳಾ ಹತ್ತಿರ ಮನೆ ಕಟ್ಟಲೂ ಬಂದರು.

ಹೊಸ ಮನೆ ಬಿಟ್ಟು ದುರಸ್ತಿಯನ್ನೇ ಸೇವೆಯಾಗಿ ಹಿಡಿದ ಗುಂಪುಗಳೂ ಅದೇ ಕಾಲದವು. ಮೆಥಡಿಸ್ಟ್ ಪಾದ್ರಿ ಟೆಕ್ಸ್ ಇವಾನ್ಸ್ 1969ರಲ್ಲಿ ಕೆಂಟಕಿಯ ಬಡ ಗುಡ್ಡಗಾಡಿಗೆ ಚರ್ಚಿನ ಹದಿಹರೆಯದವರನ್ನು ಕರೆತಂದು ಮನೆ ರಿಪೇರಿಗೆ ಹಚ್ಚಿದರು. 'ಅಪಲಾಚಿಯಾ ಸರ್ವಿಸ್ ಪ್ರಾಜೆಕ್ಟ್' ಎಂದು ಬೆಳೆದ ಆ ಕೆಲಸದ ಗುರಿ ಮನೆ ಬೆಚ್ಚಗಿರಬೇಕು, ಸುರಕ್ಷಿತವಾಗಿರಬೇಕು, ಒಣಗಿರಬೇಕು ಎಂಬುದಷ್ಟೇ. 1973ರಲ್ಲಿ ಟೆಕ್ಸಾಸಿನ ಮಿಡ್‌ಲ್ಯಾಂಡ್‌ನಲ್ಲಿ ಕೆಲವು ನೆರೆಯವರು ತಮ್ಮೂರಿನ ಬಡವರ ಮನೆಗಳನ್ನು ವರ್ಷಕ್ಕೊಂದು ದಿನ ಒಟ್ಟಾಗಿ ದುರಸ್ತಿ ಮಾಡತೊಡಗಿದರು. ಏಪ್ರಿಲ್ ತಿಂಗಳಲ್ಲಿ ಬಂದ ಆ ನೆರವಿಗೆ 'ಏಪ್ರಿಲ್‌ನ ಕ್ರಿಸ್‌ಮಸ್' ಎಂಬ ಹೆಸರು ನಿಂತಿತು. ಮುಂದೆ ಅದು ದೇಶವ್ಯಾಪಿ ಸಂಸ್ಥೆಯಾಯಿತು. ಇವುಗಳಿಂದ ನಾವು ಕಲಿಯಬೇಕಾದದ್ದು ಇವು ಎಷ್ಟು ದೊಡ್ಡದಾಗಿ ಬೆಳೆದವು ಎಂಬುದಕ್ಕಿಂತ ಹೆಚ್ಚಾಗಿ ಇವು ಯಾವ ಕ್ರಮದಲ್ಲಿ ಬೆಳೆದವು ಎಂಬುದನ್ನು. ಮೊದಲು ಪರಿಚಯ, ಆಮೇಲೆ ಗೆಳೆತನ, ಆಮೇಲೆ ಕೆಲಸ, ಕೊನೆಗೆ ಸಂಸ್ಥೆ. ದುರಸ್ತಿಗೆ ಈ ಕ್ರಮ ಅನಿವಾರ್ಯ. ಹೊಸ ಮನೆ ಖಾಲಿ ನಿವೇಶನದ ಮೇಲೆ ಏಳುತ್ತದೆ, ದುರಸ್ತಿ ಮಾತ್ರ ಜನ ಬದುಕುತ್ತಿರುವ ಮನೆಯೊಳಗೆ ನಡೆಯಬೇಕು. ಅಟ್ಟದ ಮೇಲಿನ ಹಳೆಯ ಮೂಟೆ, ಒಲೆಯ ಮೂಲೆ, ಮಲಗುವ ಜಾಗ, ದೇವರ ಗೂಡು ಎಲ್ಲವೂ ಹೊರಗಿನವರ ಕಣ್ಣಿಗೆ ಬೀಳುತ್ತವೆ. ನಂಬಿಕೆಯಿಲ್ಲದವರನ್ನು ಯಾರೂ ಅಷ್ಟು ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಬಡತನವನ್ನು ಮುಚ್ಚಿಟ್ಟುಕೊಂಡು ಮಾನವಾಗಿ ಬದುಕುವವರಂತೂ ಬಿಡುವುದೇ ಇಲ್ಲ. ಆದ್ದರಿಂದ ಮನೆ ಸೋರುತ್ತಿದೆ ಎಂಬ ಮಾತು ಮೊದಲು ಹೊರಬರುವುದು ಸ್ನೇಹಿತರ ಮುಂದೆ.

ಇಲ್ಲಿ ಎದುರಾಗುವ ಮೊದಲ ಆಕ್ಷೇಪಣೆ ಗಂಭೀರವಾದದ್ದು. ಕ್ರೈಸ್ತರ ಸೇವೆ ಮತಾಂತರದ ಬಾಗಿಲಲ್ಲವೇ? ಈ ಅನುಮಾನವನ್ನು ಬರೀ ದ್ವೇಷವೆಂದು ತಳ್ಳಿಹಾಕುವುದು ಸರಿಯಲ್ಲ. ಮಾಗಡಿಯದೇ ಜಿಲ್ಲೆಯ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಕ್ರೈಸ್ತರು ತಲೆಮಾರುಗಳಿಂದ ನೆಲೆಸಿದ್ದಾರೆ. ಆ ಊರಿನ ಕಪಾಲಬೆಟ್ಟದಲ್ಲಿ 114 ಅಡಿಯ ಯೇಸು ಪ್ರತಿಮೆ ನಿಲ್ಲಿಸುವ ವಿಚಾರ 2019ರ ಕೊನೆಯಲ್ಲಿ ಇಡೀ ರಾಜ್ಯದ ವಿವಾದವಾಯಿತು. ಆಮಿಷದ ಮತಾಂತರವನ್ನು ತಡೆಯುತ್ತೇವೆಂದು 2022ರಲ್ಲಿ ಕಾಯ್ದೆ ಬಂತು, ಮರುವರ್ಷ ಅದನ್ನು ಹಿಂಪಡೆಯಲು ಸಚಿವ ಸಂಪುಟ ನಿರ್ಧರಿಸಿತು. ಇಷ್ಟೆಲ್ಲ ನಡೆದ ಜಿಲ್ಲೆಯಲ್ಲಿ, ರಾಜ್ಯದಲ್ಲಿ, ಒಬ್ಬ ಕ್ರೈಸ್ತ ಇನ್ನೊಬ್ಬರ ಸೂರು ಹತ್ತಿದರೆ ಪ್ರಶ್ನೆ ಏಳುವುದು ಸಹಜ. ಉತ್ತರ ಹುಡುಕಲು ನಮ್ಮ ನಾಡಿನದೇ ಅನುಭವವಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅವರ ಮುಂದಾಳತ್ವದಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮತಾಂತರವಾಗಿ ಜಾತಿಯ ಕಸುಬು ಕಳೆದುಕೊಂಡವರಿಗೆ ಉದ್ಯೋಗ ಕೊಡುವುದು ಅದರ ಒಂದು ಮುಖ್ಯ ಉದ್ದೇಶವಾಗಿತ್ತು. ಅಷ್ಟರಮಟ್ಟಿಗೆ ಆ ನೆರವು ಒಂದು ಸಮುದಾಯದೊಳಗೇ ಉಳಿಯಿತು. ಆದರೆ ಅದೇ ಕಾರ್ಖಾನೆಯ ಹೆಂಚು ದೇವಸ್ಥಾನ, ಮಸೀದಿ, ಶಾಲೆ, ಸಾಮಾನ್ಯರ ಮನೆ ಎಲ್ಲದರ ಮೇಲೂ ಕೂತಿತು. ಮಂಗಳೂರು ಹೆಂಚು ಎಂದು ನಾವು ಕರೆಯುವಾಗ ಅದರ ಹಿಂದಿನ ಮಿಷನ್ ಯಾರಿಗೂ ನೆನಪಾಗುವುದಿಲ್ಲ. ಒಂದು ಒಳಿತು ಷರತ್ತನ್ನು ಕಳಚಿಕೊಂಡಾಗ ನಾಡಿನ ಸ್ವತ್ತಾಗುತ್ತದೆ, ಷರತ್ತಿನೊಳಗೆ ಉಳಿದರೆ ಪಂಗಡದ ಸ್ವತ್ತಾಗುತ್ತದೆ.

ಆದ್ದರಿಂದ ನಿಯಮ ಕಟ್ಟುನಿಟ್ಟಾಗಿರಬೇಕು. ಸೂರಿಗೆ ಹೆಂಚು ಹೊದಿಸಿದ್ದಕ್ಕೆ ಪ್ರಾರ್ಥನೆಯನ್ನು ಶುಲ್ಕವಾಗಿ ಕೇಳಬಾರದು, ಕರಪತ್ರ ಹಂಚಬಾರದು, ಮನೆಯವರ ಫೋಟೊ ತೆಗೆದು ದಾನಿಗಳಿಗೆ ಕಳಿಸಬಾರದು. ಇದು ಕ್ರೈಸ್ತ ನಂಬಿಕೆಗೆ ಹಾಕುವ ಕಡಿವಾಣವೇನಲ್ಲ. ಯೇಸು ಹೇಳಿದ ಸಮಾರ್ಯದವನ ಕಥೆಯಲ್ಲೇ ಈ ನಿಯಮವಿದೆ. ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಎತ್ತಿದ ಸಮಾರ್ಯದವನು ಬೇರೆ ಪಂಗಡದವನು. ಅವನು ಗಾಯ ಕಟ್ಟಿದ, ಛತ್ರಕ್ಕೆ ಸೇರಿಸಿದ, ಖರ್ಚು ಕೊಟ್ಟ, ತನ್ನ ದಾರಿ ಹಿಡಿದ. ಗಾಯಾಳುವಿನ ನಂಬಿಕೆಯನ್ನು ಅವನು ಕೇಳಿದ ಎಂದು ಆ ಕಥೆ ಹೇಳುವುದಿಲ್ಲ. ಈ ನಿಲುವು ಮಾಗಡಿ ಸೀಮೆಗೆ ಹೊಸದೇನಲ್ಲ. ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಅನ್ನ, ಅಕ್ಷರ, ಆಶ್ರಯದ ದಾಸೋಹವನ್ನು ಎಲ್ಲ ಜಾತಿ ಧರ್ಮದ ಮಕ್ಕಳಿಗೂ ತೆರೆದಿಟ್ಟರು. ತಮ್ಮ ನಂಬಿಕೆಯನ್ನು ಅವರು ಎಲ್ಲೂ ಮರೆಮಾಚಲಿಲ್ಲ, ಅದನ್ನು ಊಟದ ಬೆಲೆಯಾಗಿಯೂ ಕೇಳಲಿಲ್ಲ. ನಂಬಿಕೆ ಪ್ರೇರಣೆಯಾಗಿದ್ದರೆ ಸಾಕು, ಅದು ವಸೂಲಿಯಾಗಬೇಕಿಲ್ಲ ಎಂಬುದಕ್ಕೆ ಅದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಎರಡನೆಯ ಆಕ್ಷೇಪಣೆ ಎಡದಿಂದಲೂ ಬರುತ್ತದೆ, ಕೂಲಿಕಾರರ ಕಡೆಯಿಂದಲೂ ಬರುತ್ತದೆ. ವಸತಿ ಹಕ್ಕು, ಅದನ್ನು ನೆರೆಯವರ ಕರುಣೆಗೆ ಬಿಟ್ಟರೆ ಸರ್ಕಾರ ಕೈತೊಳೆದುಕೊಳ್ಳುತ್ತದೆ. ಜೊತೆಗೆ ಬಿಟ್ಟಿ ಕೆಲಸಗಾರರು ಗಾರೆ ಕೆಲಸದವರ, ಬಡಗಿಗಳ ಅನ್ನ ಕಸಿಯುತ್ತಾರೆ. ಮೊದಲ ಭಾಗವನ್ನು ನಾನು ಒಪ್ಪುತ್ತೇನೆ. ಹಳೆಯ ಮನೆಗಳ ದುರಸ್ತಿಗೆಂದೇ ಸರ್ಕಾರ ಅನುದಾನ ಇಡಬೇಕು, ಗ್ರಾಮ ಪಂಚಾಯಿತಿ ಪ್ರತಿ ವರ್ಷ ಮುಂಗಾರಿಗೆ ಮೊದಲು ಅಪಾಯದ ಮನೆಗಳ ಪಟ್ಟಿ ಮಾಡಬೇಕು. ನೆರೆಯವರ ಕೆಲಸ ಆ ಒತ್ತಾಯವನ್ನು ದುರ್ಬಲಗೊಳಿಸದೆ ಬಲಗೊಳಿಸುತ್ತದೆ. ಹತ್ತು ಮನೆಯ ಸೂರು ಹತ್ತಿ ನೋಡಿದವರಿಗೆ ಗ್ರಾಮಸಭೆಯಲ್ಲಿ ಯಾವ ಮನೆಯ ತೊಲೆ ಮುರಿದಿದೆ ಎಂದು ಎದ್ದು ಹೇಳುವ ಅಧಿಕಾರ ಬರುತ್ತದೆ. ಆದರೆ ಸರ್ಕಾರ ಎಷ್ಟೇ ಕೊಟ್ಟರೂ ಒಬ್ಬಂಟಿ ಮುದುಕಿಯ ಮನೆಯಲ್ಲಿ ಹೆಂಚು ಜಾರಿದ್ದು ಜಾರಿದ ವಾರದಲ್ಲೇ ಕಣ್ಣಿಗೆ ಬೀಳುವುದು ನೆರೆಯವರಿಗೆ ಮಾತ್ರ. ಕೂಲಿಯ ಪ್ರಶ್ನೆಗೂ ದಾರಿಯಿದೆ. ಕೂಲಿ ಕೊಡಲಾರದ ಮನೆಗಳು ಇಂದು ಮೇಸ್ತ್ರಿಯನ್ನು ಕರೆಸುತ್ತಲೇ ಇಲ್ಲ, ಅಲ್ಲಿ ಕಸಿಯಲು ಯಾರ ಕೂಲಿಯೂ ಇಲ್ಲ. ಕುಶಲ ಕೆಲಸಕ್ಕೆ ಊರಿನ ಮೇಸ್ತ್ರಿಗೇ ಪೂರ್ತಿ ಕೂಲಿ ಕೊಟ್ಟು, ಮಣ್ಣು ಕಲಸುವ, ಹೆಂಚು ಸಾಗಿಸುವ, ನೀರು ಹೊರುವ ಕೆಲಸಕ್ಕೆ ಸ್ವಯಂಸೇವಕರು ನಿಂತರೆ ಕಸುಬೂ ಉಳಿಯುತ್ತದೆ, ಕೆಲಸವೂ ಕೆಡುವುದಿಲ್ಲ.

ಕೆಲಸ ಕೆಡುವ ಭಯವೂ ಉಪೇಕ್ಷಿಸುವಂಥದ್ದಲ್ಲ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಟ್ಟ ದುರಸ್ತಿ ಮನೆಯನ್ನು ಬೇಗ ಬೀಳಿಸುತ್ತದೆ. ಮಣ್ಣಿನ ಗೋಡೆಯ ಬಿರುಕಿಗೆ ಸಿಮೆಂಟ್ ಮೆತ್ತುವುದು ಎಲ್ಲ ಕಡೆ ಕಾಣುವ ತಪ್ಪು. ಸಿಮೆಂಟಿನ ಪದರ ಗೋಡೆಯೊಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ, ಕೆಲವೇ ವರ್ಷಗಳಲ್ಲಿ ಮಣ್ಣನ್ನೂ ಸೇರಿಸಿಕೊಂಡು ಚಕ್ಕೆಯಾಗಿ ಕಳಚುತ್ತದೆ. ಮಣ್ಣಿನ ಗೋಡೆಗೆ ಮಣ್ಣಿನದೇ ಮದ್ದು. ಈ ತಿಳಿವಳಿಕೆಗೆ ತಿಪ್ಪಸಂದ್ರದವರು ದೂರ ಹೋಗಬೇಕಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ ಹುಟ್ಟಿದ 'ಅಸ್ತ್ರ' ತಂಡ ನೆರೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲೇ ತನ್ನ ಕೇಂದ್ರ ತೆರೆದಿತ್ತು. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಸ್ವಲ್ಪವೇ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದರು. ಅದೇ ದಾರಿಯಲ್ಲಿ ನಡೆದ ಇನ್ನೊಬ್ಬರು ಇಂಗ್ಲೆಂಡಿನ ಕ್ವೇಕರ್ ಪಂಥದ ವಾಸ್ತುಶಿಲ್ಪಿ ಲಾರಿ ಬೇಕರ್. 1945ರಲ್ಲಿ ಅವರು ಭಾರತಕ್ಕೆ ಬಂದದ್ದು ಕುಷ್ಠರೋಗಿಗಳ ಆಶ್ರಮಗಳ ಹಳೆಯ ಕಟ್ಟಡಗಳನ್ನು ಆಸ್ಪತ್ರೆಗಳಾಗಿ ಮಾರ್ಪಡಿಸಲು. ಮಿಷನರಿಗಳ ಬಂಗಲೆಯ ಬದುಕು ಒಗ್ಗದೆ, ಜೊತೆಗೆ ದುಡಿಯುತ್ತಿದ್ದ ಭಾರತೀಯ ವೈದ್ಯ ಪಿ.ಜೆ. ಚಾಂಡಿಯವರ ಮನೆಯಲ್ಲಿ ಉಳಿದರು. ಮುಂದೆ ಚಾಂಡಿಯವರ ಸಹೋದರಿ ಎಲಿಜಬೆತ್‌ರನ್ನು ಮದುವೆಯಾದರು. ಪಿಥೋರಾಗಢದ ಗುಡ್ಡಗಳಲ್ಲಿ ಹಳ್ಳಿಯವರು ಕಲ್ಲು ಮಣ್ಣಿನಿಂದ ಕಟ್ಟಿಕೊಂಡ ಮನೆಗಳನ್ನು ನೋಡಿ ನೋಡಿ ಕಲಿತರು. ಕಲಿಸಲು ಬಂದವರು ಕಲಿಯಲು ಕೂತದ್ದರಿಂದಲೇ ಕೇರಳದ ಅವರ ಮುಂದಿನ ಮನೆಗಳು ಅಷ್ಟು ಅಗ್ಗವಾಗಿ, ಅಷ್ಟು ಸೊಗಸಾಗಿ ಮೂಡಿದವು. ಮನೆಯವರಿಗೂ ಮೇಸ್ತ್ರಿಗೂ ಕಿವಿಗೊಡದ ಸ್ವಯಂಸೇವಕ ಎಷ್ಟೇ ಭಕ್ತನಾಗಿದ್ದರೂ ದುರಸ್ತಿಗೆ ತಕ್ಕವನಲ್ಲ.

ಇನ್ನು ಉಳಿಯುವುದು ಅತ್ಯಂತ ಕಠಿಣ ಪ್ರಶ್ನೆ. ನೆರೆಹೊರೆ ಎಂದು ನಾವು ಹೊಗಳುವ ಬಾಂಧವ್ಯ ನಮ್ಮ ಹಳ್ಳಿಗಳಲ್ಲಿ ಜಾತಿಯ ಗೆರೆಯ ಹತ್ತಿರ ನಿಂತುಬಿಡುತ್ತದೆಯಲ್ಲ? ನಿಲ್ಲುತ್ತದೆ ನಿಜ. ಕೊಯ್ನೋನಿಯಾದ ಉದಾಹರಣೆಗೆ ನಮ್ಮಲ್ಲಿ ಬೆಲೆ ಬರುವುದು ಇದೇ ಕಾರಣಕ್ಕೆ. ಅಲ್ಲಿ ಮನೆ ಕಟ್ಟುವ ಮುಂಚೆ ಇಪ್ಪತ್ತೈದು ವರ್ಷ ಒಟ್ಟಿಗೆ ಉಂಡಿದ್ದರು. ಊಟದ ಮೇಜಿನಲ್ಲಿ ಗೆರೆ ಅಳಿಸಿದವರಿಗೆ ಮಾತ್ರ ಮನೆಯ ಕೆಲಸದಲ್ಲಿ ಸಮಾನರಾಗಿ ನಿಲ್ಲುವ ಯೋಗ್ಯತೆ ಬಂತು. ಊರೊಳಗಿನ ಯುವಕರು ಕಾಲೋನಿಯ ಸೂರು ಹತ್ತಿ, ಇಳಿದ ಮೇಲೆ ಆ ಮನೆಯ ನೀರು ಕುಡಿಯದೆ ಹೋದರೆ ಅದು ಉಪಕಾರದ ವೇಷದ ಅವಮಾನ. ಕಾಲೋನಿಯ ಮೇಸ್ತ್ರಿಯನ್ನು ಊರೊಳಗಿನ ಮನೆಯ ಒಳಕೋಣೆಗೆ ಬಿಡದಿದ್ದರೂ ಅಷ್ಟೇ. ಹಾಗಾಗಿ ನೆರವು ಎರಡೂ ದಿಕ್ಕಿಗೆ ಹರಿಯಬೇಕು. ದುಡಿಮೆ ಕೊಡಲಾರದವರು ಅಡುಗೆ ಮಾಡಬಹುದು, ಮಕ್ಕಳನ್ನು ನೋಡಿಕೊಳ್ಳಬಹುದು, ತಮ್ಮ ಮನೆಯ ಸರದಿ ಮುಗಿದ ಮೇಲೆ ಇನ್ನೊಬ್ಬರ ಮನೆಗೆ ಬಂದು ಕೂರಬಹುದು. ಪಡೆದವರೂ ಕೊಡುವವರಾದಾಗ ದಾನದ ಭಾರ ಇಳಿಯುತ್ತದೆ. ಚರ್ಚುಗಳೂ ಈ ಪರೀಕ್ಷೆಗೆ ಹೊರತಲ್ಲ. ಜಾತಿ ಮೀರುತ್ತೇವೆಂದು ಹೇಳುವ ಸಭೆಗಳೊಳಗೇ ಜಾತಿ ಉಳಿದಿರುವುದನ್ನು ದಲಿತ ಕ್ರೈಸ್ತರು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ.

ತಿಪ್ಪಸಂದ್ರದಂಥ ಹೋಬಳಿಯಲ್ಲಿ ಇದಕ್ಕೆ ಬೇಕಾದದ್ದೆಲ್ಲ ಚೂರುಚೂರಾಗಿ ಈಗಲೇ ಇದೆ. 2000ದ ಹೊತ್ತಿಗೆ ಶುರುವಾದ ಸ್ತ್ರೀಶಕ್ತಿ ಸಂಘಗಳಿಗೆ ಯಾವ ಮನೆಯಲ್ಲಿ ಏನು ಕಷ್ಟ ಎಂದು ಗೊತ್ತು, ಸಣ್ಣ ಉಳಿತಾಯವನ್ನು ನಡೆಸುವ ಶಿಸ್ತೂ ಗೊತ್ತು. ಮೇಸ್ತ್ರಿಗಳಿದ್ದಾರೆ. ಬೆಂಗಳೂರಿನಿಂದ ಭಾನುವಾರ ಊರಿಗೆ ಬರುವ ಯುವಕರಿದ್ದಾರೆ. ಹಳೆಯ ಮನೆ ಕೆಡವುವವರು ಹೆಂಚನ್ನೂ ಮರವನ್ನೂ ಗುಜರಿಗೆ ಹಾಕುತ್ತಾರೆ, ಅದನ್ನು ಒಂದು ಕಡೆ ಕೂಡಿಡಬಹುದು. ಯುಗಾದಿ ಕಳೆದು ಮುಂಗಾರು ಕಾಲಿಡುವ ನಡುವಿನ ವಾರಗಳಲ್ಲಿ, ಹೊಲದ ಕೆಲಸ ಕಡಿಮೆ ಇರುವಾಗ, ಊರಿನ ಅತ್ಯಂತ ಅಶಕ್ತರ ಮನೆಗಳಿಂದ ಶುರುಮಾಡಬಹುದು. ಮಠದವರು, ಮಸೀದಿಯವರು, ಚರ್ಚಿನವರು, ಯಾವ ದೇವರನ್ನೂ ನಂಬದವರು ಯಾರೇ ಮುಂದೆ ಬಂದರೂ ಯಾವ ಮನೆ ಮೊದಲು ಎಂಬ ತೀರ್ಮಾನ ಮಾತ್ರ ಆ ಊರಿನ ಎಲ್ಲ ಕೇರಿಗಳವರು ಕೂತ ಸಭೆಯಲ್ಲಿ ಆಗಬೇಕು. ಜಾರ್ಜಿಯಾದ ಆ ಕ್ರೈಸ್ತರು ತಮ್ಮ ನಂಬಿಕೆಗೆ ನಿಷ್ಠರಾಗಿದ್ದುಕೊಂಡೇ ತಮ್ಮದೇ ಜನರ ವಿರೋಧ ಕಟ್ಟಿಕೊಂಡು ನೆರೆಯವರಾದರು. ನಮ್ಮಿಂದ ಕೇಳುತ್ತಿರುವುದು ಅಷ್ಟು ದೊಡ್ಡ ಬೆಲೆಯೇನಲ್ಲ. ವರ್ಷಕ್ಕೆ ಕೆಲವು ದಿನಗಳ ದುಡಿಮೆ, ನಮ್ಮದಲ್ಲದ ಕೇರಿಯಲ್ಲಿ ಒಂದು ಹೊತ್ತಿನ ಊಟ, ಕೆಲಸ ಮುಗಿದ ಮೇಲೂ ಉಳಿಯುವ ಬಳಕೆ. ಇಷ್ಟನ್ನು ಕೊಡಲು ಸಿದ್ಧವಿರುವ ಊರಿನಲ್ಲಿ ಸರ್ಕಾರದ ಯೋಜನೆಗೂ ಸರಿಯಾದ ಫಲ ಸಿಗುತ್ತದೆ. ಇದನ್ನು ಕೊಡದ ಊರಿನಲ್ಲಿ ಎಷ್ಟು ಹೊಸ ಮನೆ ಕಟ್ಟಿಸಿಕೊಟ್ಟರೂ ಅವು ಒಂದೊಂದಾಗಿ, ಯಾರ ಗಮನಕ್ಕೂ ಬಾರದೆ, ಹಳೆಯ ಮನೆಗಳು ಬಿದ್ದ ಕ್ರಮದಲ್ಲೇ ಬೀಳುತ್ತವೆ.